ಲಸಾಅನೋ ಮಸಾಅನೋ ಅಂತ ಮಗ ತಲೆ ಕೆಡಿಸ್ಕೊಂಡಿದ್ರೆ

ಆರನೇ ಕ್ಲಾಸಿನ ಮಗ ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ, LCM) ಕೇಳಿದ್ರೆ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ, HCF) ಮಾಡ್ತಾನೆ, ಮಸಾಅ ಕೇಳಿದ್ರೆ ಲಸಾಅ ಮಾಡ್ತಾನೆ, ಗುರುತಿಸೋಕೆ ಶಾರ್ಟ್‌ಕಟ್ ಏನಾದ್ರೂ ಇದ್ಯಾ ಅಂತ ಕೇಳಿದೀರ. ನಾನು ಮನೇಲಿ ಟ್ಯೂಷನ್ ಮಾಡ್ತೀನಿ, ಪ್ರತಿ ವರ್ಷ ಈ ಪಾಠ ಬಂದಾಗ ಅರ್ಧ ಮಕ್ಕಳು ಇದೇ ತಪ್ಪು ಮಾಡ್ತಾರೆ, ಹಾಗಾಗಿ ಮೊದಲು ಅವನನ್ನ ಬೈಯೋದು ಬಿಡಿ. ತಪ್ಪು ಜಾಸ್ತಿ ಇರೋದು ಹೆಸರಲ್ಲೇ. ಅಪವರ್ತನ ಅಂದ್ರೆ ಒಂದು ಸಂಖ್ಯೆನ ಶೇಷ ಇಲ್ಲದೆ ಭಾಗಿಸೋದು, ಅಪವರ್ತ್ಯ ಅಂದ್ರೆ ಆ ಸಂಖ್ಯೆಯ ಮಗ್ಗೀಲಿ ಬರೋದು, ಎರಡೂ ಕಿವಿಗೆ ಒಂದೇ ಥರ ಕೇಳುತ್ತೆ, ಶಾರ್ಟಾಗಿ ಬರೆದ್ರೆ ಎರಡಕ್ಕೂ ಕೊನೇಲಿ 'ಅ'. ಅದರ ಮೇಲೆ ಮಹತ್ತಮ ಅನ್ನೋದಕ್ಕೆ ಉತ್ತರ ಚಿಕ್ಕದು ಬರುತ್ತೆ, ಲಘುತ್ತಮ ಅನ್ನೋದಕ್ಕೆ ದೊಡ್ಡದು ಬರುತ್ತೆ, ಮಗು ಏನ್ಮಾಡ್ಬೇಕು ಪಾಪ.

ನಾನು ಹೆಸರನ್ನ ಪಕ್ಕಕ್ಕಿಟ್ಟು ಒಂದೇ ಮಾತು ಹೇಳ್ಕೊಡ್ತೀನಿ. ಮಸಾಅ ಯಾವತ್ತೂ ಕೊಟ್ಟಿರೋದ್ರಲ್ಲಿ ಚಿಕ್ಕ ಸಂಖ್ಯೆನ ದಾಟಲ್ಲ, ಲಸಾಅ ಯಾವತ್ತೂ ದೊಡ್ಡ ಸಂಖ್ಯೆಗಿಂತ ಕೆಳಗೆ ಇಳಿಯಲ್ಲ. 12, 18ಕ್ಕೆ ಮಸಾಅ 6, ಲಸಾಅ 36. ಲೆಕ್ಕ ಓದಿದ ಮೇಲೆ ಪೆನ್ ಮುಟ್ಟೋ ಮುಂಚೆ ಕೇಳ್ಕೋಬೇಕಾಗಿದ್ದು ಇಷ್ಟೇ, ಉತ್ತರ ಇವುಗಳ ಒಳಗೆ ಹಿಡಿಸ್ಬೇಕಾ, ಇಲ್ಲಾ ಇವನ್ನ ದಾಟಿ ಮುಂದೆ ಹೋಗ್ಬೇಕಾ?

'ಗರಿಷ್ಠ ಅಂತ ಇದ್ರೆ ಮಸಾಅ, ಕನಿಷ್ಠ ಅಂತ ಇದ್ರೆ ಲಸಾಅ' ಅನ್ನೋ ಶಾರ್ಟ್‌ಕಟ್ ಗೈಡ್‌ಗಳಲ್ಲೆಲ್ಲಾ ಸಿಗುತ್ತೆ, ದಯವಿಟ್ಟು ಅದನ್ನ ಕಲಿಸ್ಬೇಡಿ. 420 ಸೆಂ.ಮೀ. ಉದ್ದ 360 ಸೆಂ.ಮೀ. ಅಗಲದ ರೂಮಿಗೆ ಒಂದೂ ಕಟ್ ಮಾಡದೆ ಚೌಕದ ಟೈಲ್ಸ್ ಹಾಕ್ಬೇಕು, ಕನಿಷ್ಠ ಎಷ್ಟು ಟೈಲ್ಸ್ ಬೇಕು ಅಂತ ಒಂದ್ಸಲ ಟೆಸ್ಟ್ ಕೊಟ್ಟಿದ್ದೆ. 'ಕನಿಷ್ಠ' ನೋಡಿದ್ದೇ ತಡ ಒಬ್ಬ ಹುಡುಗ ಲಸಾಅ ತೆಗೆದು 2520 ಅಂತ ಬರೆದಿದ್ದ. ನಾಲ್ಕು ಮೀಟರ್ ರೂಮಿಗೆ ಇಪ್ಪತ್ತೈದು ಮೀಟರ್ ಟೈಲ್ ಎಲ್ಲಪ್ಪಾ ಹಾಕ್ತೀಯ ಅಂದೆ, ಅವನೂ ನಕ್ಕ. ಟೈಲ್ಸ್ ಕಡಿಮೆ ಬೇಕು ಅಂದ್ರೆ ಒಂದೊಂದು ಟೈಲೂ ದೊಡ್ಡದಿರ್ಬೇಕು, ಆದ್ರೆ ಎರಡೂ ಗೋಡೆ ಅಳತೆಗೆ ಸರಿಯಾಗಿ ಕೂರ್ಬೇಕು, ಅಂದ್ರೆ ಮಸಾಅ, 60. ಉದ್ದಕ್ಕೆ 7, ಅಗಲಕ್ಕೆ 6, ಒಟ್ಟು 42.

ದಾಟಿ ಹೋಗೋ ಲೆಕ್ಕಕ್ಕೆ ಸಂವತ್ಸರ ಹೇಳಿ. ಗುರು ಒಂದು ಸುತ್ತು ಬರೋಕೆ ಸುಮಾರು 12 ವರ್ಷ, ಶನಿಗೆ ಸುಮಾರು 30 ವರ್ಷ, ಎರಡೂ ಹೊರಟ ಜಾಗಕ್ಕೇ ಒಟ್ಟಿಗೆ ವಾಪಸ್ ಬರ್ಬೇಕಾದ್ರೆ 60 ವರ್ಷ. ಪ್ರಭವದಿಂದ ಅಕ್ಷಯದವರೆಗೆ ಇರೋ ಸಂವತ್ಸರಗಳೂ ಅರವತ್ತೇ. ತಾತಂಗೆ ಅರವತ್ತರ ಶಾಂತಿ ಮಾಡಿದ್ದು ನೋಡಿರೋ ಮಕ್ಕಳಿಗೆ ಇದು ಟಕ್ ಅಂತ ಹತ್ತುತ್ತೆ.

ಇನ್ನು ಮಾಡೋ ವಿಧಾನ. ಎಡಗಡೆ ಭಾಜಕ ಬರ್ಕೊಂಡು ಕೆಳಗಿಳಿಯೋ ಭಾಗಾಕಾರ ಗೊತ್ತಿರುತ್ತೆ ನಿಮಗೂ. ಎರಡು ಸಂಖ್ಯೆ ಇರೋವರೆಗೂ ಸರಾಗ, ಮೂರಾದ್ರೆ ಮುಗ್ಗರಿಸ್ತಾರೆ. 12, 18, 20 ತಗೊಳ್ಳಿ. 2ರಿಂದ ಭಾಗಿಸಿದ್ರೆ 6, 9, 10. ಈಗ ಮೂರಕ್ಕೂ ಹೋಗೋ ಸಂಖ್ಯೆ ಯಾವುದೂ ಇಲ್ಲ, ಮಸಾಅ ಅಲ್ಲಿಗೇ ನಿಂತೋಯ್ತು, 2. ಲಸಾಅಗೆ ಮಾತ್ರ ಎರಡಕ್ಕೆ ಹೋದ್ರೂ ಮುಂದುವರಿಸ್ಬೇಕು, ಮತ್ತೆ 2ರಿಂದ 3, 9, 5, ಆಮೇಲೆ 3ರಿಂದ 1, 3, 5, ಎಡಗಡೆಯ 2, 2, 3 ಜೊತೆಗೆ ಕೊನೇಲಿ ಉಳಿದ 1, 3, 5 ಎಲ್ಲಾ ಗುಣಿಸಿದ್ರೆ 180. ಹಾಂ, ಎರಡು ಸಂಖ್ಯೆಗಳ ಗುಣಲಬ್ಧ ಅಂದ್ರೆ ಮಸಾಅ ಗುಣಿಸು ಲಸಾಅ ಅನ್ನೋ ಸೂತ್ರ ಎರಡಕ್ಕೆ ಮಾತ್ರ. ಇಲ್ಲಿ 2 × 180 ಅಂದ್ರೆ 360, ಮೂರನ್ನೂ ಗುಣಿಸಿದ್ರೆ 4320, ಎಲ್ಲಿಂದೆಲ್ಲಿಗೆ!

ಶಾರ್ಟ್‌ಕಟ್ ಅಂತ ನಿಜವಾಗ್ಲೂ ಕರೀಬಹುದಾಗಿದ್ದು ಒಂದಿದೆ, ಯೂಕ್ಲಿಡ್‌ದು, ಎರಡು ಸಾವಿರದ ಮುನ್ನೂರು ವರ್ಷ ಹಳೇದು. 391, 323 ಕೊಡಿ ಮಗನಿಗೆ. 2, 3, 5, 7 ಎಲ್ಲಾ ಟ್ರೈ ಮಾಡಿ ಯಾವುದೂ ಹೋಗ್ತಿಲ್ಲ ಅಂತ ಕೈ ಚೆಲ್ತಾನೆ. ಈಗ ದೊಡ್ಡದ್ರಲ್ಲಿ ಚಿಕ್ಕದನ್ನ ಕಳೀರಿ, 68. ಎರಡನ್ನೂ ಭಾಗಿಸೋ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸ್ಲೇಬೇಕಲ್ವಾ, ಅದೇ ಇದರ ಗುಟ್ಟು. ಆಮೇಲೆ 323ನ್ನ 68ರಿಂದ ಭಾಗಿಸಿದ್ರೆ ಶೇಷ 51, 68ನ್ನ 51ರಿಂದ ಭಾಗಿಸಿದ್ರೆ ಶೇಷ 17, 51ರಲ್ಲಿ 17 ಸರಿಯಾಗಿ ಮೂರು ಸಲ ಹೋಗುತ್ತೆ, ಮುಗೀತು, ಮಸಾಅ 17. ಲಸಾಅ ಬೇಕಿದ್ರೆ 391ನ್ನ 17ರಿಂದ ಭಾಗಿಸಿ, 23 ಬರುತ್ತೆ, ಅದನ್ನ 323ಕ್ಕೆ ಗುಣಿಸಿ, 7429. ಅವಿಭಾಜ್ಯ ಅಪವರ್ತನ ಹುಡುಕೋ ಗೋಳೇ ಇಲ್ಲ.

ಲಸಾಅ ಯಾಕೆ ಬೇಕು ಅಂತ ಮಗ ಕೇಳಿದ್ರೆ ಭಿನ್ನರಾಶಿ ಕೂಡಿಸೋಕೆ ಕೊಡಿ. 5/12 + 7/18 ಇದ್ರೆ ಛೇದ ಎರಡನ್ನೂ ಗುಣಿಸಿ 216 ಮಾಡ್ಕೊಂಡು ಒದ್ದಾಡೋ ಬದ್ಲು 36 ತಗೊಂಡ್ರೆ 15/36 + 14/36, ಅಂದ್ರೆ 29/36. ಇದೇ ಕೆಲಸಕ್ಕೆ ನಮ್ಮ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಸಾರಸಂಗ್ರಹದಲ್ಲಿ ನಿಯಮ ಕೊಟ್ಟಿದಾನೆ. ಛೇದಗಳ ಸಾಮಾನ್ಯ ಅಪವರ್ತನಗಳನ್ನೂ ಉಳಿದ ಭಾಗಲಬ್ಧಗಳನ್ನೂ ಗುಣಿಸು ಅಂತ, ನಾವು ಈಗ ಸ್ಲೇಟ್ ಮೇಲೆ ಮಾಡೋದೇ ಅದು. ಅವನು ಲಸಾಅಗೆ ಇಟ್ಟ ಹೆಸರು 'ನಿರುದ್ಧ'. ಅದೇ ಹೆಸರು ಉಳ್ಕೊಂಡಿದ್ರೆ ನೀವು ಈ ಪ್ರಶ್ನೆ ಕೇಳ್ತಾನೇ ಇರ್ಲಿಲ್ಲ ಅನ್ಸುತ್ತೆ.

ಯೂಕ್ಲಿಡ್ ವಿಧಾನ ಸದ್ಯಕ್ಕೆ ರಫ್ ಪೇಜಲ್ಲೇ ಇರ್ಲಿ. ಪರೀಕ್ಷೆಲಿ ಟೀಚರ್ ಹೇಳಿಕೊಟ್ಟ ವಿಧಾನದಲ್ಲೇ ಬರೀಲಿ, ಉತ್ತರ ಸರಿ ಇದ್ರೂ 'ಕ್ರಮ ಇಲ್ಲ' ಅಂತ ಮಾರ್ಕ್ಸ್ ಕಟ್ ಮಾಡೋರು ಇದಾರೆ.