ಹುಲಿಗೂ ಹುಲ್ಲು ಬೇಕು

ಓದುಗರ ಪತ್ರ: ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ಕಾಡಿನಲ್ಲಿ ತಾಯಿಹುಲಿ, ನಾಲ್ಕು ಮರಿ ವಿಷಕ್ಕೆ ಬಲಿಯಾದದ್ದು ಈಗಲೂ ಮನಸ್ಸನ್ನು ಸುಡುತ್ತಿದೆ. ಕಾಡಿನೊಳಗಿನ ಜನರನ್ನೆಲ್ಲ ಹೊರಗೆ ಕಳಿಸದೆ ಹುಲಿ ಉಳಿಯದು. ನೀವಾದರೂ ಇದನ್ನು ಗಟ್ಟಿಯಾಗಿ ಬರೆಯಿರಿ.
— ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ನಿಮ್ಮ ಸಂಕಟ ನನ್ನದೂ ಹೌದು. 2025ರ ಜೂನ್‌ನಲ್ಲಿ ಹಸುವಿನ ಕಳೇಬರಕ್ಕೆ ವಿಷವಿಟ್ಟವರಿಗೆ ಶಿಕ್ಷೆ ಆಗಲೇಬೇಕು. ಜನ ಹೊರಬಂದ ಮೇಲೆ ಕಾಡು ಚೇತರಿಸಿಕೊಂಡದ್ದೂ ಉಂಟು, ಭದ್ರಾ ಅಭಯಾರಣ್ಯವೇ ಅದಕ್ಕೆ ಸಾಕ್ಷಿ. ಅಲ್ಲಿ ಜನರನ್ನು ಒಪ್ಪಿಸಿ, ಜಮೀನು ಕೊಟ್ಟು ಕಳಿಸಿದರು.

ಆದರೆ ‘ಜನರನ್ನೆಲ್ಲ’ ಎಂದಿರಲ್ಲ, ಅದರಲ್ಲಿ ತಲೆಮಾರುಗಳಿಂದ ಕಾಡಿನಲ್ಲೇ ಬಾಳಿದ ಬುಡಕಟ್ಟಿನವರಾದ ಸೋಲಿಗರೂ ಸೇರಿಹೋದರು. ಅದನ್ನು ನಾನು ಒಪ್ಪಲಾರೆ.

ಅವರು ನೆಲೆಸಿರುವ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ರಸ್ತೆಯ ಎರಡೂ ಬದಿ ನೋಡಿ. ಬರೀ ಲಂಟಾನ. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ಬಂದ ಈ ಗಿಡ ಆಳೆತ್ತರಕ್ಕೆ ಹೆಣೆದುಕೊಂಡು, ಕೆಳಗೆ ಹುಲ್ಲು ಏಳಲು ಬಿಡುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ, ಕಡವೆ, ಕಾಟಿ ನಿಲ್ಲುವುದಿಲ್ಲ. ಒಂದು ಹುಲಿಗೆ ವರ್ಷಕ್ಕೆ ಇಂಥ ಸುಮಾರು 50 ಪ್ರಾಣಿ ಬೇಕು. ಕಾಡಿನಲ್ಲಿ ಬೇಟೆ ಕಡಿಮೆಯಾದರೆ ಅದರ ಕಣ್ಣು ಊರಂಚಿನ ದನದ ಮೇಲೆ ಬೀಳುತ್ತದೆ, ಸೇಡು ಅಲ್ಲಿಂದ ಹುಟ್ಟುತ್ತದೆ.

ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರೊಬ್ಬರು ನನಗೆ ತರಗು ಬೆಂಕಿಯ ವಿಷಯ ಹೇಳಿದ್ದರು. ಬೇಸಿಗೆ ಬಲಿಯುವ ಮೊದಲೇ ತರಗೆಲೆಗೆ ಇಡುತ್ತಿದ್ದ ಸಣ್ಣ ಬೆಂಕಿ ಅದು. ಎಳೆ ಲಂಟಾನ ಸುಡುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಉಪ್ಪಿಲು ಎಂಬ ಬದನಿಕೆ ಗಿಡ ಹತೋಟಿಯಲ್ಲಿರುತ್ತಿತ್ತು, ಮಳೆ ಬಿದ್ದೊಡನೆ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ತರಗು ಬೆಂಕಿ ಅಪರಾಧವಾಯಿತು. “ನಮ್ಮ ಬೆಂಕಿ ನಿಲ್ಲಿಸಿದ್ರು, ಈಗ ದೊಡ್ಡ ಬೆಂಕಿ ಬತ್ತದೆ” ಎಂದರು ಆ ಅಜ್ಜ. ಸೋಲಿಗರ ಈ ತಿಳಿವಳಿಕೆಯನ್ನು ಪರಿಸರ ಅಧ್ಯಯನ ನಡೆಸುವ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ದಾಖಲಿಸಿದ್ದಾರೆ. ಹುಲಿಯನ್ನೇ ದೇವರೆಂದು ಕಂಡು ಹುಲಿವೀರಪ್ಪನಿಗೆ ಪೂಜೆ ಸಲ್ಲಿಸುವ ಜನ ಇವರು! 2011ರಲ್ಲಿ ಇವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಒಟ್ಟಾಗಿ ಬಳಸುವ, ಕಾಯುವ ಹಕ್ಕು ಸಿಕ್ಕಿತು. ಅದರಿಂದ ಬೆಟ್ಟದ ಹುಲಿಗೆ ಯಾವ ಕೇಡೂ ಆಗಲಿಲ್ಲ.

ಕರ್ನಾಟಕದಲ್ಲಿ 2010ರಲ್ಲಿ ಸುಮಾರು 300 ಇದ್ದ ಹುಲಿಗಳು 2022ರ ಗಣತಿಗೆ 563 ಆದವು. ಬೇಟೆತಡೆ ಶಿಬಿರಗಳಲ್ಲಿ ರಾತ್ರಿ ಕಾಯ್ದವರಲ್ಲಿ ಸೋಲಿಗ, ಜೇನುಕುರುಬ ಹುಡುಗರು ಎಷ್ಟೋ ಮಂದಿ. ಅವರಲ್ಲಿ ಹಲವರು ಇಂದಿಗೂ ಹೊರಗುತ್ತಿಗೆಯವರು. ಸಂಬಳ ತಿಂಗಳುಗಟ್ಟಲೆ ತಡವಾದರೂ ಕೇಳುವವರಿಲ್ಲ.

ಇತ್ತ ಕಾಡಂಚಿನಲ್ಲಿ ರೆಸಾರ್ಟ್ ಮೇಲೆ ರೆಸಾರ್ಟ್ ಏಳುತ್ತಿವೆ. 2009ರಿಂದ ಇರುವ ಬಂಡೀಪುರದ ರಾತ್ರಿ ಸಂಚಾರ ನಿರ್ಬಂಧವನ್ನು ತೆಗೆಯಿರಿ ಎಂಬ ಒತ್ತಾಯ ಆಗಾಗ ಏಳುತ್ತದೆ. ಹುಲಿ ಕಂಡರೆ ಸಾಕು, ಸಫಾರಿ ಜೀಪುಗಳು ಮುತ್ತಿಕೊಳ್ಳುತ್ತವೆ. ದುಡ್ಡಿದ್ದವರಿಗೆ ಕಾಡು ಬಿಟ್ಟು ಹೊರಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ, ಪೋಡಿನವರಿಗಾದರೆ ತಕ್ಷಣ ಬರುತ್ತದೆ. ಈ ಧೋರಣೆ ನನ್ನನ್ನು ಬಹಳ ನೋಯಿಸುತ್ತದೆ.

ಹುಲಿಗಾಗಿ ನೊಂದು ಪತ್ರ ಬರೆಯುವ ಮನಸ್ಸು ನಿಮ್ಮದು. ಆ ಕಾವಲುಗಾರರ ಸಂಬಳದ ಬಗ್ಗೆ, ಹಸು ಕಳೆದುಕೊಂಡವರಿಗೆ ಪರಿಹಾರ ಬೇಗ ಸಿಗದಿರುವ ಬಗ್ಗೆಯೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಕೊಡುತ್ತೇನೆ.