ಅಮೆರಿಕದ ಇಂಡಿಯಾನಾ ರಾಜ್ಯದ ಸರೋವರಗಳ ಕಾಸಿಯಸ್ಕೊ ಕೌಂಟಿ ಬೆಳೆದದ್ದು ಹೇಗೆ?

ಸರೋವರಗಳು ಪ್ರವಾಸಿಗರನ್ನು ಕರೆತಂದವು ನಿಜ, ಆದರೆ ಕೌಂಟಿಯನ್ನು (ನಮ್ಮ ಜಿಲ್ಲೆಯಂಥದ್ದು) ಬೆಳೆಸಿದ್ದು ಮುರಿದ ಮೂಳೆಗೆ ಕಟ್ಟುವ ಪಟ್ಟಿ.

ಹಿಮಯುಗದ ಹಿಮನದಿಗಳು ಕರಗಿ ಬಿಟ್ಟುಹೋದ ತಗ್ಗುಗಳೇ ಇಲ್ಲಿನ ಸರೋವರಗಳು. ವಾವಾಸೀಯಂತೂ ಇಂಡಿಯಾನಾದ ಅತಿ ದೊಡ್ಡ ನೈಸರ್ಗಿಕ ಸರೋವರ. ಮೊದಲು ಇದು ಪೊಟವಾಟೊಮಿ, ಮಯಾಮಿ ಎಂಬ ಮೂಲನಿವಾಸಿ ಬುಡಕಟ್ಟುಗಳ ನೆಲ. 1836ರಲ್ಲಿ ಕೌಂಟಿ ಆಡಳಿತ ಶುರುವಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಪೋಲೆಂಡಿನ ಸೇನಾನಿಯ ಹೆಸರು ಕೌಂಟಿಗೆ, ಹಾಗಾಗಿ ಅದರ ಕೇಂದ್ರ ಪಟ್ಟಣಕ್ಕೆ ಪೋಲೆಂಡಿನ ರಾಜಧಾನಿ ವಾರ್ಸಾದ ಹೆಸರು. ಎರಡೇ ವರ್ಷದಲ್ಲಿ, ಪಕ್ಕದ ಮಾರ್ಷಲ್ ಕೌಂಟಿಯಿಂದ 850ಕ್ಕೂ ಹೆಚ್ಚು ಪೊಟವಾಟೊಮಿಗಳನ್ನು ಬಂದೂಕಿನ ಕಾವಲಲ್ಲಿ ಕಾನ್ಸಾಸ್‌ಗೆ ನಡೆಸಿದರು. ದಾರಿಯಲ್ಲಿ ಸುಮಾರು 40 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಇದನ್ನು ಬಿಟ್ಟು ಈ ಸೀಮೆಯ ಬೆಳವಣಿಗೆಯ ಬಗ್ಗೆ ಮಾತಾಡುವುದು ನನ್ನ ಪ್ರಕಾರ ಅನ್ಯಾಯ.

ಆಮೇಲೆ ಬೇಸಾಯ, ರೈಲು, ದಡದ ಹೋಟೆಲುಗಳು. ದೊಡ್ಡ ತಿರುವು 1895ರದ್ದು. ಆಗ ಮುರಿದ ಕೈಕಾಲಿಗೆ ಮರದ ಪಟ್ಟಿ ಕಟ್ಟುತ್ತಿದ್ದರು. ರೆವ್ರಾ ಡಿಪ್ಯೂ ವಾರ್ಸಾದಲ್ಲಿ ಅಂಗಕ್ಕೆ ಹೊಂದುವ ನಾರಿನ ಪಟ್ಟಿ (ಸ್ಪ್ಲಿಂಟ್) ತಯಾರಿಸತೊಡಗಿದರು. ಅವರ ಕಂಪನಿಯಲ್ಲಿದ್ದ ಜಸ್ಟಿನ್ ಜಿಮ್ಮರ್ 1927ರಲ್ಲಿ ಹೊರಬಂದು ಅಲ್ಯೂಮಿನಿಯಂ ಸ್ಪ್ಲಿಂಟ್ ತಯಾರಿಕೆ ಆರಂಭಿಸಿದರು. 1977ರಲ್ಲಿ ಮೂಳೆ ಚಿಕಿತ್ಸೆಯ ಸಾಧನಗಳ ಇನ್ನೊಂದು ಕಂಪನಿ ಬಯೋಮೆಟ್ ಹುಟ್ಟಿತು. ಪಳಗಿದ ಕೈಗಳು ಊರಲ್ಲೇ ಇದ್ದುದರಿಂದ ಹೊಸ ಕಂಪನಿಗಳೂ ಅಲ್ಲೇ ಬೇರೂರಿದವು. ಕೃತಕ ಮಂಡಿ, ಸೊಂಟದ ಕೀಲುಗಳು ಅಲ್ಲಿಂದ ಜಗತ್ತಿಗೆಲ್ಲ ಹೋಗುತ್ತವೆ. 2020ರ ಜನಗಣತಿಯಂತೆ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 80,000.