ಓದುಗರ ಪ್ರಶ್ನೆ: ಬಾರ್ ಪರೀಕ್ಷೆಗೆ ಹಿರಿಯರ ನೆರವು

ಪ್ರಶ್ನೆ: ನಾನು ಕಲಬುರಗಿಯಲ್ಲಿ ವಕೀಲ. ತಮ್ಮ ಮನೆತನದಲ್ಲಿ ಮೊದಲಿಗರಾಗಿ ಕಾನೂನು ಓದಿದ ಕೆಲವು ಮುಸ್ಲಿಂ ಯುವತಿಯರು ವಕೀಲಿ ವೃತ್ತಿ ನಡೆಸಲು ಪಾಸಾಗಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಗೆ ಮಾರ್ಗದರ್ಶನ ಕೇಳಿದ್ದಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಮೊದಲು ನಿಯಮಗಳನ್ನು ತಿಳಿಸಿ. ಧಾರ್ಮಿಕ ಅಲ್ಪಸಂಖ್ಯಾತರೆಂಬ ಕಾರಣಕ್ಕೆ ಅಂಕಗಳಲ್ಲಿ ರಿಯಾಯಿತಿ ಇಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 45, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ. 40 ಅಂಕ ಬೇಕು. ನೂರು ಬಹು ಆಯ್ಕೆಯ ಪ್ರಶ್ನೆಗಳಿರುತ್ತವೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಕನ್ನಡದಲ್ಲೂ ಬರೆಯಬಹುದು.

ಟಿಪ್ಪಣಿಗಳಿಲ್ಲದ ಬೇರ್ ಆಕ್ಟ್‌ಗಳನ್ನು (ಕಾಯ್ದೆಯ ಮೂಲಪಠ್ಯವಷ್ಟೇ ಇರುವ ಪುಸ್ತಕಗಳನ್ನು) ಪರೀಕ್ಷಾ ಕೊಠಡಿಗೆ ಒಯ್ಯಲು ಅವಕಾಶವಿರುವುದರಿಂದ, ಬಾಯಿಪಾಠ ಮಾಡಿಸುವುದಕ್ಕಿಂತ, ಪ್ರಶ್ನೆಯನ್ನು ಓದಿದೊಡನೆ ಅದು ಯಾವ ಕಾಯ್ದೆಯ ಯಾವ ಅಧ್ಯಾಯಕ್ಕೆ ಸೇರಿದ್ದೆಂದು ಗುರುತಿಸಿ ಪುಟ ತೆರೆಯುವ ಅಭ್ಯಾಸವನ್ನು ಗಡಿಯಾರವಿಟ್ಟು ಮಾಡಿಸುವುದೇ ನಿಮ್ಮ ಮುಖ್ಯ ಕೆಲಸ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಮೊದಲಾದ ಮೂರು ಹೊಸ ಕಾನೂನುಗಳು ಜಾರಿಯಲ್ಲಿವೆ; ಹಿರಿಯರಿಂದ ಎರವಲು ತಂದ ಹಳೆಯ ದಂಡ ಸಂಹಿತೆಯನ್ನೇ ನೆಚ್ಚಿಕೊಂಡವರು ಸೆಕ್ಷನ್ ಸಂಖ್ಯೆಗಳಲ್ಲಿ ಎಡವುತ್ತಾರೆ.

ಪುಸ್ತಕಗಳ ವೆಚ್ಚ ಹೊರೆಯೆನಿಸಿದರೆ ನಿಮ್ಮ ಕಚೇರಿಯ ಕಪಾಟನ್ನು ತೆರೆದಿಡಿ. ಅವರನ್ನು ನ್ಯಾಯಾಲಯದ ಕಲಾಪಗಳಿಗೂ ಕರೆದೊಯ್ಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯಂತಹ ಒಣ ವಿಷಯ, ನನ್ನ ಅಭಿಪ್ರಾಯದಲ್ಲಿ, ಅಲ್ಲಿಯೇ ಅರ್ಥವಾಗುವುದು.